ಮಗ ಮಣಿಪುರದಲ್ಲಿದ್ದಾನೆ, ಆಫ್‌ಸ್ಪಾ ರದ್ದಾದರೆ ಅವನಿಗೆ ಏನು ರಕ್ಷಣೆ?

ಪ್ರಶ್ನೆ: ನಾನು ಕಾರ್ಕಳ ತಾಲೂಕಿನವಳು, ನಿವೃತ್ತ ಶಿಕ್ಷಕಿ. ಮಗ ಸೇನೆಯಲ್ಲಿ ಕ್ಯಾಪ್ಟನ್ ಆಗಿ ಒಂದು ವರ್ಷದಿಂದ ಮಣಿಪುರದ ಬೆಟ್ಟದ ಜಿಲ್ಲೆಯೊಂದರಲ್ಲಿದ್ದಾನೆ. ಮಗಳು ಮಂಗಳೂರಿನಲ್ಲಿ ಕಾನೂನು ಓದುತ್ತಿದ್ದಾಳೆ. ಸಶಸ್ತ್ರ ಪಡೆಗಳ ವಿಶೇಷ ಅಧಿಕಾರ ಕಾಯ್ದೆಯನ್ನು (ಆಫ್‌ಸ್ಪಾ) ರದ್ದು ಮಾಡಬೇಕೆಂದು ಅವಳ ವಾದ. ಯಾರನ್ನು ಕೊಂದರೂ ಕೇಳುವವರಿಲ್ಲ ಎನ್ನುವ ಕಾನೂನು ಅದು ಎನ್ನುತ್ತಾಳೆ. ನಮ್ಮವರಿಗೆ ಅದನ್ನು ಕೇಳಿದರೆ ಸಿಟ್ಟು; ಆ ಕಾಯ್ದೆ ಹೋದ ಮರುದಿನವೇ ನಮ್ಮ ಹುಡುಗ ಕರ್ತವ್ಯ ಮಾಡಿದ ತಪ್ಪಿಗೆ ಜೀವಮಾನವಿಡೀ ಕೋರ್ಟು ಅಲೆಯಬೇಕಾಗುತ್ತದೆ ಎನ್ನುತ್ತಾರೆ. ಊಟಕ್ಕೆ ಕೂತರೆ ಇದೇ ಮಾತು. ಮಗನನ್ನು ಕೇಳಿದರೆ 'ಅಮ್ಮಾ, ಅದೆಲ್ಲ ನಿನಗೆ ಯಾಕೆ' ಎಂದು ಫೋನ್ ಇಡುತ್ತಾನೆ. ನಮ್ಮ ಈದು, ಕಬ್ಬಿನಾಲೆಯ ಕಾಡಿನಲ್ಲೂ ನಕ್ಸಲರಿದ್ದರಲ್ಲ, ಇಲ್ಲಿಗೆ ಈ ಕಾಯ್ದೆ ಯಾಕೆ ಬರಲಿಲ್ಲ? ಇವರಿಬ್ಬರಲ್ಲಿ ಯಾರ ಮಾತು ಸರಿ? ಮಗನಿಗೆ ನಾನು ಏನು ಹೇಳಲಿ?

ಉತ್ತರ: ಅಮ್ಮಾ, ನಿಮ್ಮ ಪತ್ರದಲ್ಲಿ ಬರೆದಿರುವುದು ಒಂದು ಭಯ, ಬರೆಯದೆ ಬಿಟ್ಟಿರುವುದು ಇನ್ನೊಂದು. ಮಗ ನ್ಯಾಯವಾಗಿ ನಡೆದುಕೊಂಡೂ ಕಟಕಟೆ ಹತ್ತಬೇಕಾದೀತೇ ಎಂಬುದು ಮೊದಲನೆಯದು. ತನ್ನ ಮಗನ ಕಣ್ಣೆದುರಿಗೆ ಆಗಬಾರದ್ದು ಏನಾದರೂ ಆಗಿಹೋದೀತೇ ಎಂಬುದು ಎರಡನೆಯದು. ಉಡುಪಿಯಲ್ಲಿ ವಕೀಲಿ ಆರಂಭಿಸುವ ಮೊದಲು ನಾನು ಸೇನೆಯ ಕಾನೂನು ವಿಭಾಗದಲ್ಲಿ ಕೆಲಸ ಮಾಡಿದವನು, ಅದರಲ್ಲಿ ಕೆಲವು ವರ್ಷ ಈಶಾನ್ಯದಲ್ಲಿಯೇ ಇದ್ದವನು. ಆದ್ದರಿಂದ ನಿಮ್ಮ ಮನೆಯ ಎರಡೂ ಮಾತುಗಳನ್ನು ಸಮವಸ್ತ್ರದಲ್ಲಿದ್ದವರ ಬಾಯಿಂದಲೂ ಊರವರ ಬಾಯಿಂದಲೂ ಕೇಳಿದ್ದೇನೆ. ನನ್ನ ಅಭಿಪ್ರಾಯವನ್ನು ಮುಚ್ಚಿಡದೆ ಮೊದಲೇ ಹೇಳುತ್ತೇನೆ: ಈ ಕಾಯ್ದೆ ಹೋಗಬೇಕು, ಆದರೆ ಅದರ ಜಾಗವನ್ನು ಖಾಲಿ ಬಿಡಬಾರದು. ನಿಮ್ಮ ಮಗನ ಹಿತವನ್ನು ಬದಿಗಿಟ್ಟು ಈ ಮಾತು ಹೇಳುತ್ತಿಲ್ಲ.

ಮೊದಲು ಕಾನೂನಿನಲ್ಲಿ ಏನಿದೆ ಎಂಬುದನ್ನು ನೋಡೋಣ. 1942ರ ಆಗಸ್ಟ್ 15ರಂದು, ಕ್ವಿಟ್ ಇಂಡಿಯಾ ಚಳವಳಿಯನ್ನು ಹತ್ತಿಕ್ಕಲು ವೈಸ್‌ರಾಯ್ ಲಿನ್‌ಲಿತ್‌ಗೊ ಒಂದು ಸುಗ್ರೀವಾಜ್ಞೆ ಹೊರಡಿಸಿದರು. ಅದರ ಅಚ್ಚಿನಲ್ಲಿಯೇ, ನಾಗಾ ಬೆಟ್ಟಗಳ ದಂಗೆಯನ್ನು ಎದುರಿಸಲು ಸ್ವತಂತ್ರ ಭಾರತದ ಸಂಸತ್ತು 1958ರ ಸೆಪ್ಟೆಂಬರಿನಲ್ಲಿ ಈ ಕಾಯ್ದೆಯನ್ನು ಮಾಡಿತು. ಜಮ್ಮು ಕಾಶ್ಮೀರಕ್ಕೆ 1990ರಲ್ಲಿ ಇದೇ ಮಾದರಿಯ ಪ್ರತ್ಯೇಕ ಕಾಯ್ದೆ ಬಂತು. ಮೂಲ ಕಾಯ್ದೆಯಲ್ಲಿ ಇರುವುದು ಕೇವಲ ಏಳು ಸೆಕ್ಷನ್‌ಗಳು. ಒಂದು ಪ್ರದೇಶವನ್ನು 'ಪ್ರಕ್ಷುಬ್ಧ' ಎಂದು ಘೋಷಿಸುವ ಅಧಿಕಾರ ಮೂರನೆಯದರಲ್ಲಿದೆ. ಹಾಗೆ ಘೋಷಿಸಿದ ಕಡೆ ಸೈನಿಕರು ಏನು ಮಾಡಬಹುದು ಎಂಬುದು ನಾಲ್ಕನೆಯದರಲ್ಲಿ, ಬಂಧಿತನನ್ನು ಪೊಲೀಸರಿಗೆ ಒಪ್ಪಿಸುವ ಹೊಣೆ ಐದನೆಯದರಲ್ಲಿ, ಸೈನಿಕರ ಮೇಲೆ ಮೊಕದ್ದಮೆ ಹೂಡಲು ಕೇಂದ್ರದ ಪೂರ್ವಾನುಮತಿ ಬೇಕೆಂಬ ನಿಯಮ ಆರನೆಯದರಲ್ಲಿದೆ. ಜಗಳವೆಲ್ಲ ನಾಲ್ಕು ಮತ್ತು ಆರರದ್ದು.

ಯಾರನ್ನು ಬೇಕಾದರೂ ಕೊಲ್ಲಬಹುದು ಎಂದು ನಿಮ್ಮ ಮಗಳು ಹೇಳುವುದು ಕಾನೂನಿನ ಅಕ್ಷರದ ಮಟ್ಟಿಗೆ ತಪ್ಪು. ಐದು ಅಥವಾ ಹೆಚ್ಚು ಮಂದಿ ಸೇರಬಾರದೆಂಬ, ಇಲ್ಲವೇ ಆಯುಧ ಒಯ್ಯಬಾರದೆಂಬ ನಿಷೇಧಾಜ್ಞೆಯನ್ನು ಮೀರುತ್ತಿರುವವರ ಮೇಲೆ, ಸಾರ್ವಜನಿಕ ಶಾಂತಿ ಕಾಪಾಡಲು ಅಗತ್ಯವೆಂದು ಕಂಡಾಗ, ಸೂಕ್ತ ಎಚ್ಚರಿಕೆ ಕೊಟ್ಟ ಬಳಿಕ, ಸಾವು ಸಂಭವಿಸುವಷ್ಟರ ಮಟ್ಟಿಗೂ ಬಲ ಬಳಸಬಹುದು ಎಂದು ನಾಲ್ಕನೇ ಸೆಕ್ಷನ್ ಹೇಳುತ್ತದೆ. ವಾರಂಟ್ ಇಲ್ಲದೆ ಬಂಧಿಸಬಹುದು, ಮನೆ ಹೊಕ್ಕು ಶೋಧಿಸಬಹುದು. ಈ ಅಧಿಕಾರ ಇರುವುದು ದೊಡ್ಡ ಅಧಿಕಾರಿಗಳಿಗೆ ಮಾತ್ರವಲ್ಲ, ಹವಾಲ್ದಾರ್, ನಾಯಕ್ ದರ್ಜೆಯವರಿಗೂ ಇದೆ. ನಮ್ಮೂರಿನಲ್ಲಿ ನಿಷೇಧಾಜ್ಞೆ ಮೀರಿ ಐವರು ಗುಂಪುಗೂಡಿದರೆ ಹೆಚ್ಚೆಂದರೆ ಲಾಠಿ ಏಟು, ಒಂದು ಸಣ್ಣ ಕೇಸು. ಅದೇ ಕೃತ್ಯಕ್ಕೆ ಅಲ್ಲಿ ಕಾನೂನಿನ ಒಪ್ಪಿಗೆಯೊಂದಿಗೇ ಗುಂಡು ಬೀಳಬಹುದು ಎಂಬಷ್ಟರ ಮಟ್ಟಿಗೆ ನಿಮ್ಮ ಮಗಳ ಆತಂಕ ಸರಿಯಾದದ್ದೇ.

1997ರ ನವೆಂಬರ್ 27ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಕಾಯ್ದೆಯನ್ನು ಸಂವಿಧಾನಬದ್ಧವೆಂದು ಎತ್ತಿಹಿಡಿಯಿತು, ಜೊತೆಗೆ ಕೆಲವು ಬೇಲಿಗಳನ್ನೂ ಹಾಕಿತು. ಪ್ರಕ್ಷುಬ್ಧ ಎಂಬ ಘೋಷಣೆಯನ್ನು ಆರು ತಿಂಗಳಿಗೊಮ್ಮೆ ಮರುಪರಿಶೀಲಿಸಬೇಕು, ಬಲವನ್ನು ಕನಿಷ್ಠ ಪ್ರಮಾಣದಲ್ಲಿ ಬಳಸಬೇಕು, ಮತ್ತು ಸೇನೆ ತಾನೇ ಹೊರಡಿಸಿದ 'ಮಾಡಬೇಕಾದ್ದು, ಮಾಡಬಾರದ್ದು' ಎಂಬ ಸೂಚನೆಗಳನ್ನು ಪ್ರತಿಯೊಬ್ಬ ಸೈನಿಕನೂ ಪಾಲಿಸಲೇಬೇಕು ಎಂದಿತು. ಆ ಸೂಚನೆಗಳ ಸಣ್ಣ ಕಾರ್ಡನ್ನು ಕೈಯಲ್ಲಿ ಹಿಡಿದು ತುಕಡಿಗಳಿಗೆ ಪಾಠ ಮಾಡುವುದು ನನ್ನ ಕೆಲಸವಾಗಿತ್ತು. ಒಮ್ಮೆ ನಾಗಾಲ್ಯಾಂಡಿನ ಒಂದು ಪೋಸ್ಟಿನಲ್ಲಿ ಪಾಠ ಮುಗಿದ ಮೇಲೆ, ಬೈಂದೂರು ಕಡೆಯ ಒಬ್ಬ ಹವಾಲ್ದಾರ್ ಎದ್ದು ನಿಂತು, ನನ್ನ ಮಾತಿನ ಧಾಟಿಯಿಂದ ಊರು ತಿಳಿದು, ಕನ್ನಡದಲ್ಲೇ ಕೇಳಿದ: "ಸಾರ್, ಎಚ್ಚರಿಕೆ ಕೊಡಬೇಕು ಅಂತೀರಿ, ಯಾವ ಭಾಷೆಯಲ್ಲಿ ಕೊಡೋದು?" ಅವನ ತುಕಡಿಯಲ್ಲಿ ಹಿಂದಿ, ಮಲಯಾಳ, ಮರಾಠಿ ಬಲ್ಲವರಿದ್ದರು, ಕೆಳಗಿನ ಹಳ್ಳಿಯವರ ಮಾತು ಬಲ್ಲವನು ಒಬ್ಬನೂ ಇರಲಿಲ್ಲ. ಕಾರ್ಡಿನಲ್ಲಿ ಅದಕ್ಕೆ ಉತ್ತರವಿರಲಿಲ್ಲ, ನನ್ನ ಬಳಿಯೂ ಇರಲಿಲ್ಲ. ಒಂದು ಪೊಲೀಸ್ ಪೇದೆಯನ್ನೋ ಸ್ಥಳೀಯನನ್ನೋ ಜೊತೆಗಿಟ್ಟುಕೊಳ್ಳಿ ಎಂದೆ. ರಾತ್ರಿ ಎರಡು ಗಂಟೆಗೆ ಹೊರಡುವ ಗಸ್ತಿಗೆ ಯಾವ ಪೇದೆ ಸಿಗುತ್ತಾನೆ ಎಂದು ಅವನು ಮರುಪ್ರಶ್ನೆ ಕೇಳಲಿಲ್ಲ, ಸುಮ್ಮನೆ ಕೂತ. ಆ ಮೌನವನ್ನು ನಾನು ಮರೆತಿಲ್ಲ.

ಹಾಗಾಗಿ ನಾಲ್ಕನೇ ಸೆಕ್ಷನ್ನಿನ ತೊಂದರೆ ಅದರ ಕ್ರೌರ್ಯಕ್ಕಿಂತ ಹೆಚ್ಚಾಗಿ, ಯುದ್ಧಕ್ಕೆ ತರಬೇತಾದವರ ಕೈಯಲ್ಲಿ ಪೊಲೀಸರ ಕೆಲಸವನ್ನು ಮಾಡಿಸುವುದರಲ್ಲಿದೆ. ಆರನೆಯದರ ತೊಂದರೆ ಬೇರೆಯೇ, ನನ್ನ ದೃಷ್ಟಿಯಲ್ಲಿ ಅದೇ ನಿಜವಾದ ಗಂಟು. ಅನುಮತಿ ಬೇಕೆನ್ನುವುದು ತಪ್ಪಲ್ಲ. ಯಾವುದೇ ಸರ್ಕಾರಿ ನೌಕರನಿಗೂ ಸುಳ್ಳು ಕೇಸುಗಳಿಂದ ಆ ಮಟ್ಟದ ಆಸರೆ ಇರುತ್ತದೆ. ಆದರೆ ಇಲ್ಲಿ ಕೇಂದ್ರ ಸರ್ಕಾರ ಇಂತಿಷ್ಟು ದಿನದಲ್ಲಿ ಉತ್ತರಿಸಬೇಕೆಂಬ ಗಡುವು ಇಲ್ಲ. ನಿರಾಕರಿಸಿದರೆ ಕಾರಣ ಕೊಡಬೇಕು, ಅದನ್ನು ನ್ಯಾಯಾಲಯ ಪರಿಶೀಲಿಸಬಹುದು ಎಂದು 1997ರ ತೀರ್ಪು ಹೇಳಿದ್ದರೂ, ಮಗನನ್ನು ಕಳೆದುಕೊಂಡ ಬೆಟ್ಟದ ರೈತನಿಗೆ ಆ ದಾರಿ ಎಷ್ಟು ದೂರದ್ದೆಂದು ನೀವೇ ಊಹಿಸಿ. 2018ರ ಜನವರಿಯಲ್ಲಿ ರಾಜ್ಯಸಭೆಗೆ ರಕ್ಷಣಾ ಸಚಿವಾಲಯ ಕೊಟ್ಟ ಉತ್ತರದ ಪ್ರಕಾರ, ಜಮ್ಮು ಕಾಶ್ಮೀರ ಸರ್ಕಾರ 2001ರಿಂದ ಅನುಮತಿ ಕೋರಿದ್ದ 50 ಪ್ರಕರಣಗಳಲ್ಲಿ 47ಕ್ಕೆ ನಿರಾಕರಣೆ, 3 ಬಾಕಿ. ಒಂದಕ್ಕೂ ಒಪ್ಪಿಗೆ ಸಿಕ್ಕಿರಲಿಲ್ಲ.

ಇದರ ಪರಿಣಾಮವನ್ನು ಒಂದು ಘಟನೆಯಲ್ಲಿ ತೋರಿಸುತ್ತೇನೆ. 2021ರ ಡಿಸೆಂಬರ್ 4ರ ಸಂಜೆ ನಾಗಾಲ್ಯಾಂಡಿನ ಮೋನ್ ಜಿಲ್ಲೆಯ ಓಟಿಂಗ್ ಬಳಿ, ಕಲ್ಲಿದ್ದಲು ಗಣಿಯಿಂದ ಪಿಕಪ್ ವಾಹನದಲ್ಲಿ ಮನೆಗೆ ಮರಳುತ್ತಿದ್ದ ಕೂಲಿಕಾರರನ್ನು ಬಂಡುಕೋರರೆಂದು ಭಾವಿಸಿ ಸೇನೆಯ ವಿಶೇಷ ತುಕಡಿ ಗುಂಡು ಹಾರಿಸಿತು; ಆರು ಮಂದಿ ಸತ್ತರು. ಹುಡುಕಿಕೊಂಡು ಬಂದ ಊರವರಿಗೂ ಸೈನಿಕರಿಗೂ ಘರ್ಷಣೆಯಾಗಿ ಇನ್ನೂ ಏಳು ಮಂದಿ ನಾಗರಿಕರು ಮತ್ತು ಒಬ್ಬ ಸೈನಿಕ ಸತ್ತರು. ಮರುದಿನ ಮೋನ್ ಪಟ್ಟಣದಲ್ಲಿ ಮತ್ತೊಬ್ಬ ನಾಗರಿಕ. ಗುರುತು ಹಿಡಿಯುವುದರಲ್ಲಿ ತಪ್ಪಾಯಿತೆಂದು ಕೇಂದ್ರ ಸರ್ಕಾರವೇ ಸಂಸತ್ತಿನಲ್ಲಿ ಒಪ್ಪಿ ವಿಷಾದಿಸಿತು. ರಾಜ್ಯದ ವಿಶೇಷ ತನಿಖಾ ತಂಡ 2022ರ ಜೂನ್‌ನಲ್ಲಿ ಒಬ್ಬ ಮೇಜರ್ ಸೇರಿ 30 ಮಂದಿಯ ಮೇಲೆ ದೋಷಾರೋಪ ಪಟ್ಟಿ ಸಿದ್ಧಪಡಿಸಿತು. ಅನುಮತಿ ಸಿಗಲಿಲ್ಲ, ನಿರಾಕರಣೆಯನ್ನು ನಾಗಾಲ್ಯಾಂಡ್ ಸರ್ಕಾರವೇ ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಬೇಕಾಯಿತು. 2024ರ ಸೆಪ್ಟೆಂಬರ್ 17ರಂದು, ಅನುಮತಿಯಿಲ್ಲದ ಕಾರಣ ಸುಪ್ರೀಂ ಕೋರ್ಟ್ ಆ ಕ್ರಿಮಿನಲ್ ಪ್ರಕ್ರಿಯೆಯನ್ನು ಮುಕ್ತಾಯಗೊಳಿಸಿತು. ಮುಂದೆ ಅನುಮತಿ ಬಂದರೆ ಮುಂದುವರಿಸಬಹುದು ಎಂದೂ ಹೇಳಿತು.

ನಿಮ್ಮ ಯಜಮಾನರು ಇದನ್ನು ಸೈನಿಕರ ರಕ್ಷಣೆ ಎಂದು ಭಾವಿಸಬಹುದು. ಆ 30 ಮಂದಿಯ ಜಾಗದಲ್ಲಿ ನಿಂತು ನೋಡಲು ಅವರಿಗೆ ಹೇಳಿ. ಅವರಲ್ಲಿ ಯಾರು ಗುಂಡು ಹಾರಿಸಿದರು, ಯಾರು ಬೇಡವೆಂದರು, ಯಾರು ಆದೇಶ ಪಾಲಿಸಿದರಷ್ಟೆ ಎಂಬುದು ಯಾವ ನ್ಯಾಯಾಲಯದಲ್ಲಿಯೂ ಬೇರ್ಪಡಲಿಲ್ಲ. ತಪ್ಪಿತಸ್ಥ ಎನಿಸಿಕೊಳ್ಳದಿರುವುದರ ಜೊತೆಗೆ ನಿರ್ದೋಷಿ ಎಂಬ ತೀರ್ಪೂ ಯಾರಿಗೂ ಸಿಗಲಿಲ್ಲ. ಬಾಗಿಲು ಮುಚ್ಚಿತೆಂದೂ ಇಲ್ಲ, ತೆರೆಯಿತೆಂದೂ ಇಲ್ಲ. ತಪ್ಪು ಮಾಡಿದವನಿಗೆ ಈ ಬೀಗ ಅನುಕೂಲ. ಸರಿಯಾಗಿ ನಡೆದುಕೊಂಡವನ ಹೆಸರನ್ನೂ ಅದು ತಪ್ಪಿತಸ್ಥನ ಹೆಸರಿನ ಜೊತೆಗೇ ಕಟ್ಟಿಡುತ್ತದೆ. ಈ ಕಾಯ್ದೆಯ ಬಗ್ಗೆ ನನ್ನ ಮನಸ್ಸು ಬದಲಾದದ್ದು ಇದೇ ಕಾರಣಕ್ಕೆ.

ಸೇನೆಯೇ ಕೋರ್ಟ್ ಮಾರ್ಷಲ್ ಮಾಡುವುದಿಲ್ಲವೇ ಎಂದು ಕೇಳಬಹುದು. ಮಾಡಿದ್ದುಂಟು. ಆದರೆ 2000ದ ಮಾರ್ಚಿನಲ್ಲಿ ಕಾಶ್ಮೀರದ ಪಥ್ರಿಬಲ್‌ನಲ್ಲಿ ಐವರು ಸತ್ತ ಪ್ರಕರಣದಲ್ಲಿ ಸಿಬಿಐ ದೋಷಾರೋಪ ಪಟ್ಟಿ ಹಾಕಿದ ಮೇಲೆ, ಸೇನಾ ನ್ಯಾಯಾಲಯವೋ ಸಾಮಾನ್ಯ ನ್ಯಾಯಾಲಯವೋ ಎಂಬ ಆಯ್ಕೆಯನ್ನು 2012ರಲ್ಲಿ ಸುಪ್ರೀಂ ಕೋರ್ಟ್ ಸೇನೆಗೇ ಬಿಟ್ಟಿತು; ಸೇನೆ ತನ್ನ ವ್ಯಾಪ್ತಿಗೆ ತೆಗೆದುಕೊಂಡು 2014ರಲ್ಲಿ ಸಾಕ್ಷ್ಯ ಸಾಲದೆಂದು ಕಡತ ಮುಚ್ಚಿತು.

ನಿಮ್ಮ ಊರಿಗೆ ಹತ್ತಿರದ ಒಂದು ಹೆಸರನ್ನೂ ಇಲ್ಲಿ ಹೇಳಬೇಕು. ಮಣಿಪುರದಲ್ಲಿ 1,528 ಮಂದಿಯನ್ನು ಕಾನೂನುಬಾಹಿರವಾಗಿ ಕೊಲ್ಲಲಾಗಿದೆ ಎಂದು ಸತ್ತವರ ಮನೆಯವರ ಸಂಘಟನೆಯೊಂದು ಸುಪ್ರೀಂ ಕೋರ್ಟಿಗೆ ಹೋದಾಗ, ಅವುಗಳಲ್ಲಿ ಆರು ಪ್ರಕರಣಗಳನ್ನು ಪರಿಶೀಲಿಸಲು 2013ರಲ್ಲಿ ನ್ಯಾಯಾಲಯ ನೇಮಿಸಿದ ಆಯೋಗದ ಅಧ್ಯಕ್ಷರು ನಿಟ್ಟೆ ಮನೆತನದ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆ. ಪೊಲೀಸರೂ ಅಸ್ಸಾಂ ರೈಫಲ್ಸ್‌ನವರೂ ಹೆಸರಿಸಲ್ಪಟ್ಟಿದ್ದ ಆ ಆರೂ ಪ್ರಕರಣಗಳಲ್ಲಿ ಒಂದೂ ನಿಜವಾದ ಎನ್‌ಕೌಂಟರ್ ಅಲ್ಲ ಎಂದು ಆಯೋಗ ಹೇಳಿತು. ಸತ್ತ ಏಳು ಮಂದಿಯಲ್ಲಿ ಒಬ್ಬ 12 ವರ್ಷದ ಹುಡುಗ. ನಾನು ಕೈಯಲ್ಲಿ ಹಿಡಿದು ಪಾಠ ಮಾಡುತ್ತಿದ್ದ ಆ ಸೂಚನೆಗಳು ಬಹುಪಾಲು ಕಾಗದದ ಮೇಲೇ ಉಳಿದಿವೆ ಎಂದೂ ಆಯೋಗ ದಾಖಲಿಸಿತು. ಆ ವಾಕ್ಯ ಓದಿದಾಗ ನನಗೆ ಬೈಂದೂರಿನ ಹವಾಲ್ದಾರ್ ನೆನಪಾದ. ಅದೇ ಮೊಕದ್ದಮೆಯಲ್ಲಿ 2016ರ ಜುಲೈ 8ರಂದು ಸುಪ್ರೀಂ ಕೋರ್ಟ್, ಕ್ರಿಮಿನಲ್ ವಿಚಾರಣೆಯಿಂದ ಯಾರಿಗೂ ಸಂಪೂರ್ಣ ವಿನಾಯಿತಿ ಎಂಬುದಿಲ್ಲ, ಪ್ರಕ್ಷುಬ್ಧ ಪ್ರದೇಶದಲ್ಲಿ ಆಯುಧ ಹಿಡಿದ ಮಾತ್ರಕ್ಕೆ ಒಬ್ಬ ಶತ್ರುವಾಗುವುದಿಲ್ಲ ಎಂದು ಸ್ಪಷ್ಟಪಡಿಸಿತು.

ಈಗ ನಿಮ್ಮ ಯಜಮಾನರ ಭಯಕ್ಕೆ ಬರುತ್ತೇನೆ. ಕಾಯ್ದೆ ಹೋದ ಮರುದಿನವೇ ನಿಮ್ಮ ಮಗ ಬೆತ್ತಲೆ ಬಯಲಿನಲ್ಲಿ ನಿಲ್ಲುತ್ತಾನೆ ಎಂಬುದು ನಿಜವಲ್ಲ. ದೇಶವಿಡೀ ಅನ್ವಯಿಸುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಹಿಂದಿನ ಸಿಆರ್‌ಪಿಸಿಯ ಜಾಗಕ್ಕೆ ಬಂದ ಕಾನೂನು) 42ನೇ ಸೆಕ್ಷನ್ ಪ್ರಕಾರ, ಕರ್ತವ್ಯದ ಭಾಗವಾಗಿ ಮಾಡಿದ ಕೃತ್ಯಕ್ಕೆ ಸೇನೆಯವರನ್ನು ಕೇಂದ್ರದ ಒಪ್ಪಿಗೆಯಿಲ್ಲದೆ ಬಂಧಿಸುವಂತಿಲ್ಲ. 218ನೇ ಸೆಕ್ಷನ್ ಪ್ರಕಾರ, ಅಂಥ ಕೃತ್ಯದ ಆರೋಪವನ್ನು ನ್ಯಾಯಾಲಯ ವಿಚಾರಣೆಗೆ ಎತ್ತಿಕೊಳ್ಳಲು ಕೇಂದ್ರದ ಪೂರ್ವಾನುಮತಿ ಬೇಕು. ಹಿಂದಿನ ಐಪಿಸಿಯ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಸೆಕ್ಷನ್‌ಗಳು ಆತ್ಮರಕ್ಷಣೆಯ ಹಕ್ಕನ್ನು ನಿಮಗೂ ನನಗೂ ಕೊಡುವ ಹಾಗೆ ಅವನಿಗೂ ಕೊಡುತ್ತವೆ. ಎದುರಿನವನು ಗುಂಡು ಹಾರಿಸಿದಾಗ ತಿರುಗಿ ಹಾರಿಸಲು ಯಾವ ವಿಶೇಷ ಕಾಯ್ದೆಯೂ ಬೇಕಿಲ್ಲ, ದೆಹಲಿಗೆ ಫೋನ್ ಮಾಡಿ ಕೇಳಬೇಕಾಗಿಯೂ ಇಲ್ಲ. ಇವೆಲ್ಲ ಆಫ್‌ಸ್ಪಾದ ಹೊರಗಿರುವ ರಕ್ಷಣೆಗಳು. ಆಫ್‌ಸ್ಪಾ ಹೋದರೂ ಇವು ಹೋಗುವುದಿಲ್ಲ.

ಆದರೆ ಹೋಗುವುದೊಂದಿದೆ, ಮತ್ತು ಸೇನೆ ಈ ವಿಷಯದಲ್ಲಿ ಎತ್ತುವ ಆಕ್ಷೇಪ ಹಗುರವಾದದ್ದಲ್ಲ. ಸಾಮಾನ್ಯ ಕಾನೂನಿನಲ್ಲಿ ಸೇನೆಯ ಪಾತ್ರ ತೀರ ಚಿಕ್ಕದು: ಸುರಕ್ಷಾ ಸಂಹಿತೆಯ 149 ಮತ್ತು 150ನೇ ಸೆಕ್ಷನ್‌ಗಳ ಪ್ರಕಾರ, ದಂಡಾಧಿಕಾರಿ (ಮ್ಯಾಜಿಸ್ಟ್ರೇಟ್) ಕರೆದಾಗ, ಇಲ್ಲವೇ ದಂಡಾಧಿಕಾರಿಯನ್ನು ಸಂಪರ್ಕಿಸಲಾಗದ ತುರ್ತಿನಲ್ಲಿ, ಅಕ್ರಮ ಗುಂಪನ್ನು ಚದುರಿಸುವುದಷ್ಟೆ. ಹಳ್ಳಿಯನ್ನು ಸುತ್ತುವರಿದು ಶೋಧಿಸುವುದು, ಬಂಕರ್ ಒಡೆಯುವುದು, ಶಂಕಿತನನ್ನು ಹಿಡಿಯುವುದು ಅದರಲ್ಲಿ ಬರುವುದಿಲ್ಲ. ಬೇರೆ ಕಾನೂನು ಮಾಡದೆ ಆಫ್‌ಸ್ಪಾವನ್ನು ಮಾತ್ರ ಹೊಡೆದುಹಾಕಿ, ಸೇನೆಯನ್ನು ಅದೇ ಕೆಲಸಕ್ಕೆ ಅಲ್ಲೇ ಬಿಟ್ಟರೆ, ನಿಮ್ಮ ಮಗ ಪ್ರತಿ ರಾತ್ರಿ ಮಾಡುವ ಕೆಲಸಕ್ಕೆ ಕಾನೂನಿನ ನೆಲೆಯೇ ಇರುವುದಿಲ್ಲ. ಆ ಸ್ಥಿತಿ ಅನ್ಯಾಯದ್ದು. ರದ್ದು ಮಾಡಿ ಎನ್ನುವ ನನ್ನಂಥವರು ಇದನ್ನು ನುಂಗಿಕೊಂಡು ಮಾತಾಡಬಾರದು.

ಈದು, ಕಬ್ಬಿನಾಲೆಯ ನಿಮ್ಮ ಪ್ರಶ್ನೆ ಬಹಳ ಒಳ್ಳೆಯ ಪ್ರಶ್ನೆ. 2003ರ ನವೆಂಬರಿನಲ್ಲಿ ಈದುವಿನಲ್ಲಿ ಇಬ್ಬರು ಯುವತಿಯರು ಪೊಲೀಸರ ಗುಂಡಿಗೆ ಸತ್ತಲ್ಲಿಂದ 2024ರ ನವೆಂಬರಿನಲ್ಲಿ ಕಬ್ಬಿನಾಲೆಯ ಪೀತಬೈಲಿನಲ್ಲಿ ನಡೆದ ಎನ್‌ಕೌಂಟರಿನವರೆಗೆ, ಪಶ್ಚಿಮ ಘಟ್ಟದ ಆ ಇಪ್ಪತ್ತೊಂದು ವರ್ಷಗಳನ್ನು ನಿಭಾಯಿಸಿದ್ದು ರಾಜ್ಯದ ಪೊಲೀಸರು ಮತ್ತು ಅವರದೇ ನಕ್ಸಲ್ ನಿಗ್ರಹ ದಳ. 2025ರ ಜನವರಿಯಲ್ಲಿ ಆರು ಮಂದಿ ಬೆಂಗಳೂರಿನಲ್ಲಿ ಶರಣಾದರು. ಛತ್ತೀಸಗಡದಲ್ಲಿ 2010ರ ಏಪ್ರಿಲ್ 6ರಂದು ಒಂದೇ ದಿನ 76 ಮಂದಿ ಭದ್ರತಾ ಸಿಬ್ಬಂದಿ ಹತರಾದರು. ಅಲ್ಲಿಗೂ ಆಫ್‌ಸ್ಪಾ ಬರಲಿಲ್ಲ. ದಂಗೆ ಎಷ್ಟು ಭೀಕರ ಎಂಬುದರ ಮೇಲೆ ಈ ಕಾಯ್ದೆ ಬರುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಸೇನೆಯನ್ನು ಮುಂದೆ ನಿಲ್ಲಿಸಿದ ಕಡೆ ಕಾಯ್ದೆ ಬರುತ್ತದೆ. ಪೊಲೀಸರು ಮುಂದೆ ನಿಂತ ಕಡೆ ಬರುವುದಿಲ್ಲ. ಪೊಲೀಸರ ಎನ್‌ಕೌಂಟರುಗಳೆಲ್ಲ ಶುದ್ಧವೆಂದು ನಾನು ಹೇಳುತ್ತಿಲ್ಲ, ಈದುವಿನ ಬಗ್ಗೆಯೂ ಕಬ್ಬಿನಾಲೆಯ ಬಗ್ಗೆಯೂ ನಮ್ಮಲ್ಲಿ ಪ್ರಶ್ನೆಗಳೆದ್ದವು. ಆದರೆ ಪ್ರಶ್ನೆ ಕೇಳಲು ಒಂದು ಬಾಗಿಲು ಇತ್ತು. 2014ರ ಸುಪ್ರೀಂ ಕೋರ್ಟ್ ಮಾರ್ಗಸೂಚಿಯಂತೆ ಪೊಲೀಸ್ ಗುಂಡಿನಿಂದ ಸಾವಾದರೆ ಎಫ್‌ಐಆರ್, ಸ್ವತಂತ್ರ ತನಿಖೆ, ದಂಡಾಧಿಕಾರಿ ವಿಚಾರಣೆ ಆಗಬೇಕು. ಮಂಗಳೂರಿನಲ್ಲಿ 2019ರ ಡಿಸೆಂಬರ್ 19ರ ಗೋಲಿಬಾರಿನಲ್ಲಿ ಇಬ್ಬರು ಸತ್ತಾಗ, ಉಡುಪಿಯ ಜಿಲ್ಲಾಧಿಕಾರಿಗೇ ದಂಡಾಧಿಕಾರಿ ವಿಚಾರಣೆಯನ್ನು ವಹಿಸಲಾಗಿತ್ತು. ಆ ವಿಚಾರಣೆಗಳಿಂದ ಎಲ್ಲರಿಗೂ ಸಮಾಧಾನವಾಗಿದೆಯೇ ಎಂಬುದು ಬೇರೆ ಮಾತು. ಓಟಿಂಗಿನವರಿಗೆ ಅಷ್ಟೂ ಸುಲಭವಿರಲಿಲ್ಲ.

ಇಷ್ಟು ವರ್ಷ ಈ ಕಾಯ್ದೆ ಯಾಕೆ ಹೋಗಲಿಲ್ಲ ಎಂದರೆ, ಆರು ತಿಂಗಳ ಮರುಪರಿಶೀಲನೆ ಬಹುತೇಕ ರೂಢಿಯ ಸಹಿಯಾಗಿಬಿಟ್ಟಿದೆ, ಮತ್ತು ಸೇನೆ ಇರುವ ತನಕ ಸ್ಥಳೀಯ ಪೊಲೀಸರನ್ನು ಬಲಪಡಿಸುವ ತುರ್ತು ಯಾವ ಸರ್ಕಾರಕ್ಕೂ ಬರುವುದಿಲ್ಲ. ಮನಸ್ಸು ಮಾಡಿದ ಕಡೆ ಹೋಗಿದೆ. ಪಂಜಾಬಿಗೆ 1983ರಲ್ಲಿ ಬಂದದ್ದು 1997ರಲ್ಲಿ ಹೋಯಿತು. ತ್ರಿಪುರಾ ತನ್ನ ಪೊಲೀಸ್ ಪಡೆಯನ್ನು ಗಟ್ಟಿಗೊಳಿಸಿಕೊಂಡು 2015ರಲ್ಲಿ ತೆಗೆಯಿತು, ಮೇಘಾಲಯದಲ್ಲಿ 2018ರಲ್ಲಿ ಹೋಯಿತು. 2022ರ ಏಪ್ರಿಲ್‌ನಿಂದ ಅಸ್ಸಾಮಿನ 23 ಜಿಲ್ಲೆಗಳಲ್ಲಿ ಪೂರ್ತಿಯಾಗಿ, ನಾಗಾಲ್ಯಾಂಡ್ ಮತ್ತು ಮಣಿಪುರದಲ್ಲಿ ತಲಾ 15 ಠಾಣೆಗಳ ವ್ಯಾಪ್ತಿಯಲ್ಲಿ ಹಿಂತೆಗೆದರು. 2023ರ ಮೇ 3ರಂದು ಮಣಿಪುರ ಹೊತ್ತಿಕೊಂಡ ಮೇಲೆ, 2024ರ ನವೆಂಬರಿನಲ್ಲಿ ಆರು ಠಾಣೆಗಳ ವ್ಯಾಪ್ತಿಗೆ ಮತ್ತೆ ತಂದರು. ನಿಮ್ಮ ಮಗ ಈ ಹಿಂದುಮುಂದಿನ ನಡುವೆ ಇದ್ದಾನೆ.

ಮುಂದಿನ ದಾರಿಗಳಲ್ಲಿ, ಈಗಿನಂತೆ ಠಾಣೆ ಠಾಣೆಯಾಗಿ ಕುಗ್ಗಿಸುತ್ತ ಹೋಗುವುದು ಸುಲಭದ್ದು. ಕುಗ್ಗಿಸಿದ್ದನ್ನು ಒಂದೇ ಅಧಿಸೂಚನೆಯಲ್ಲಿ ಹಿಗ್ಗಿಸಬಹುದು ಎಂಬುದು ಅದರ ಅಪಾಯ. ಇನ್ನೊಂದು ದಾರಿಯನ್ನು ನ್ಯಾಯಮೂರ್ತಿ ಜೀವನ್ ರೆಡ್ಡಿ ಸಮಿತಿ ತೋರಿಸಿತು. 2004ರಲ್ಲಿ ಅಸ್ಸಾಂ ರೈಫಲ್ಸ್ ವಶದಲ್ಲಿದ್ದ ಯುವತಿಯೊಬ್ಬಳು ಶವವಾಗಿ ಸಿಕ್ಕಾಗ, ಜುಲೈ 15ರಂದು ಇಂಫಾಲದ ಕಾಂಗ್ಲಾ ಕೋಟೆಯೆದುರು 12 ತಾಯಂದಿರು ಬೆತ್ತಲೆ ನಿಂತು ಪ್ರತಿಭಟಿಸಿದರು. ಆ ವರ್ಷದ ನವೆಂಬರಿನಲ್ಲಿ ರಚನೆಯಾದ ಸಮಿತಿ ಅದು. ಅದರಲ್ಲಿ ನಿವೃತ್ತ ಲೆಫ್ಟಿನೆಂಟ್ ಜನರಲ್ ಒಬ್ಬರೂ ಸದಸ್ಯರಾಗಿದ್ದರು ಎಂಬುದನ್ನು ನಿಮ್ಮ ಯಜಮಾನರಿಗೆ ತಿಳಿಸಿ. ಕಾಯ್ದೆಯನ್ನು ರದ್ದುಮಾಡಿ, ಅಗತ್ಯವಾದ ಅಧಿಕಾರಗಳನ್ನು ಸ್ಪಷ್ಟ ಮಿತಿಗಳೊಂದಿಗೆ ಕಾನೂನುಬಾಹಿರ ಚಟುವಟಿಕೆಗಳ ತಡೆ ಕಾಯ್ದೆಯೊಳಗೆ (ಯುಎಪಿಎ) ಸೇರಿಸಿ, ಜಿಲ್ಲೆಗೊಂದು ದೂರು ಕೋಶ ತೆರೆಯಿರಿ ಎಂದು 2005ರಲ್ಲಿ ಅದು ಹೇಳಿತು. ನಮ್ಮ ಕರಾವಳಿಯವರೇ ಆದ ವೀರಪ್ಪ ಮೊಯಿಲಿ ಅಧ್ಯಕ್ಷರಾಗಿದ್ದ ಎರಡನೇ ಆಡಳಿತ ಸುಧಾರಣಾ ಆಯೋಗವೂ 2007ರಲ್ಲಿ ರದ್ದತಿಯನ್ನೇ ಶಿಫಾರಸು ಮಾಡಿತು. ಸರ್ಕಾರ ಒಪ್ಪಲಿಲ್ಲ. ನನಗೂ ಇದರಲ್ಲಿ ಒಂದು ಅಳುಕಿದೆ: ಯುಎಪಿಎ ಇಡೀ ದೇಶದ ಕಾನೂನು, ಇಂಫಾಲಕ್ಕೆಂದು ಅದರೊಳಗೆ ಬರೆದ ಅಧಿಕಾರ ಮುಂದೊಂದು ದಿನ ಕಾರ್ಕಳಕ್ಕೂ ಬರಬಹುದು.

ಆದ್ದರಿಂದ ನಾನು ಬಯಸುವುದು ಚಿಕ್ಕ, ಪ್ರತ್ಯೇಕ ಕಾನೂನನ್ನು. ಸೇನೆ ಎಷ್ಟು ಕಾಲಕ್ಕೆ ಬಂದಿದೆ ಎಂಬ ಗಡುವು ಅದರಲ್ಲಿರಬೇಕು, ಗಡುವನ್ನು ವಿಸ್ತರಿಸಲು ಶಾಸನಸಭೆಯ ಒಪ್ಪಿಗೆ ಬೇಕಾಗಬೇಕು, ಗಸ್ತಿನ ಜೊತೆ ಸ್ಥಳೀಯ ಪೊಲೀಸರಿರಬೇಕು. ಸಾಮಾನ್ಯ ಸರ್ಕಾರಿ ನೌಕರರ ವಿಷಯದಲ್ಲಿ ಸುರಕ್ಷಾ ಸಂಹಿತೆ ಈಗ 120 ದಿನಗಳ ಗಡುವು ಹಾಕಿದೆ, ಅಷ್ಟರೊಳಗೆ ಉತ್ತರ ಬಾರದಿದ್ದರೆ ಅನುಮತಿ ಸಿಕ್ಕಿದಂತೆಯೇ. ಸೈನಿಕರ ವಿಷಯದಲ್ಲೂ ಅಂಥ ಗಡುವು ಬರಲಿ. ಇಡೀ ಕಾಯ್ದೆಯ ರದ್ದತಿಗೆ ಕಾಯದೆ, ನಾಳೆಯೇ ಒಂದು ಸಾಲಿನ ತಿದ್ದುಪಡಿಯಿಂದ ಆಗಬಹುದಾದ ಕೆಲಸ ಇದು. ಇದರಿಂದ ಕೆಲವು ಸುಳ್ಳು ಕೇಸುಗಳೂ ನ್ಯಾಯಾಲಯ ಮುಟ್ಟಬಹುದು. ಆ ಸಂದರ್ಭದಲ್ಲಿ ಸೈನಿಕನ ವಕೀಲರ ಖರ್ಚನ್ನು ಸರ್ಕಾರ ಪೂರ್ತಿ ಹೊರಬೇಕು.

ಮಗನಿಗೆ ಏನು ಹೇಳಲಿ ಎಂದು ಕೇಳಿದ್ದೀರಿ. ಚರ್ಚೆ ಬೇಡ, ಅವನಿಗೆ ಅಲ್ಲಿ ಅದಕ್ಕೆ ಪುರುಸೊತ್ತಿಲ್ಲ. ಯಾರನ್ನಾದರೂ ಹಿಡಿದರೆ ಮಹಜರನ್ನು ಅದೇ ರಾತ್ರಿ ತನ್ನ ಕೈಯಲ್ಲೇ ಬರೆಯಲಿ, ಬೆಳಿಗ್ಗೆಗೆ ಉಳಿಸದಿರಲಿ. ಹಿಡಿದವನನ್ನು ವೈದ್ಯರಿಗೆ ತೋರಿಸಿ ಚೀಟಿ ತೆಗೆದುಕೊಳ್ಳಲಿ. 24 ಗಂಟೆಯೊಳಗೆ ಹತ್ತಿರದ ಠಾಣೆಗೆ ಒಪ್ಪಿಸಿ, ಸಮಯ ನಮೂದಿಸಿದ ರಸೀದಿ ಪಡೆದು, ಅದರ ಒಂದು ಪ್ರತಿ ತನ್ನ ಬಳಿ ಇಟ್ಟುಕೊಳ್ಳಲಿ. ತುಕಡಿಯ ಯಾರಾದರೂ ಗೆರೆ ದಾಟಿದರೆ ಅದನ್ನು ಮೇಲಧಿಕಾರಿಗೆ ಬಾಯಲ್ಲಿ ಹೇಳಿ ಬಿಡದೆ ಬರೆದು ತಿಳಿಸಲಿ. ಮತ್ತು ಕೆಳಗಿನ ಹಳ್ಳಿಯವರ ಭಾಷೆಯಲ್ಲಿ 'ನಿಲ್ಲಿ', 'ಕೈ ಮೇಲೆತ್ತಿ', 'ಹೆದರಬೇಡಿ' ಎನ್ನುವ ಮೂರು ಮಾತುಗಳನ್ನು ಅವನೂ ಅವನ ಜವಾನರೂ ಈ ವಾರವೇ ಕಲಿಯಲಿ.